ವಾರ ಬಿಟ್ಟು ವಾರ ಬರುವ ಮಕ್ಕಳು ದಿವಾಳಿ ಅರ್ಜಿಯಲ್ಲಿ ಎಷ್ಟು ಜನ?

ಪ್ರಶ್ನೆ: ನಾನಿರುವುದು ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ. ವಿಚ್ಛೇದನವಾಗಿದೆ. ಇಬ್ಬರು ಮಕ್ಕಳು ಒಂದು ವಾರ ನನ್ನ ಹತ್ತಿರ, ಇನ್ನೊಂದು ವಾರ ಅವರಮ್ಮನ ಹತ್ತಿರ. ಈ ಸಲ ಟ್ಯಾಕ್ಸ್ ರಿಟರ್ನ್‌ನಲ್ಲಿ ಅವರನ್ನು ಅವಲಂಬಿತರೆಂದು ತೋರಿಸಿಕೊಂಡವರು ಅವರಮ್ಮ. ಕ್ರೆಡಿಟ್ ಕಾರ್ಡ್ ಸಾಲ ಕೈಮೀರಿದೆ, ಸಾಲ ಮನ್ನಾ ಮಾಡಿಸಿಕೊಳ್ಳುವ ಚಾಪ್ಟರ್ 7 ದಿವಾಳಿ ಅರ್ಜಿ ಹಾಕಬೇಕೆಂದಿದ್ದೇನೆ. ಮನೆಯಲ್ಲಿ ಎಷ್ಟು ಜನ ಎಂದು ಬರೆಯಲಿ, ಒಂದೋ ಮೂರೋ?

ಉತ್ತರ: ನೀವಿರುವ ರಾಜ್ಯದಲ್ಲಿ ಒಂದೂ ಅಲ್ಲ, ಮೂರೂ ಅಲ್ಲ, ಎರಡು ಎನ್ನಿಸಿಕೊಳ್ಳುವ ಸಾಧ್ಯತೆ ಇದೆ. ವಿಚಿತ್ರ ಅನ್ನಿಸಿದರೆ ತಪ್ಪಿಲ್ಲ, ಅಲ್ಲಿನ ನ್ಯಾಯಾಧೀಶರಲ್ಲೇ ಒಬ್ಬರಿಗೆ ಹಾಗನ್ನಿಸಿತ್ತು.

ಈ ಸಂಖ್ಯೆಗೆ ಇಷ್ಟು ಬೆಲೆ ಬಂದದ್ದು ದಿವಾಳಿ ಕಾಯ್ದೆಯ 2005ರ ತಿದ್ದುಪಡಿಯಿಂದ. ಸ್ವಂತ, ಮನೆಖರ್ಚಿನ ಸಾಲಗಳೇ ಹೆಚ್ಚಾಗಿರುವವರು ಚಾಪ್ಟರ್ 7ರ ಅರ್ಜಿ ಹಾಕಿದರೆ ‘ಮೀನ್ಸ್ ಟೆಸ್ಟ್’ ದಾಟಬೇಕು. ಅರ್ಜಿ ಹಾಕುವ ತಿಂಗಳಿಗೆ ಮುಂಚಿನ ಆರು ತಿಂಗಳ ಆದಾಯದ ಸರಾಸರಿ ತೆಗೆದು, ವರ್ಷಕ್ಕೆ ಲೆಕ್ಕ ಹಾಕಿ, ನಿಮ್ಮ ರಾಜ್ಯದಲ್ಲಿ ಅಷ್ಟೇ ಜನರಿರುವ ಕುಟುಂಬದ ಮೀಡಿಯನ್, ಅಂದರೆ ನಡುಮಟ್ಟದ, ಆದಾಯದ ಪಕ್ಕ ಇಡುತ್ತಾರೆ. ಅದಕ್ಕಿಂತ ಕಡಿಮೆಯಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಹೆಚ್ಚಿದ್ದರೆ ಖರ್ಚುಗಳನ್ನೆಲ್ಲ ಕಳೆದು ತೋರಿಸುವ ಎರಡನೆಯ, ಉದ್ದದ ಫಾರ್ಮ್ ತುಂಬಬೇಕು. ಜನ ಹೆಚ್ಚಾದ ಹಾಗೆ ಮಿತಿಯೂ ಸಾಮಾನ್ಯವಾಗಿ ಏರುವುದರಿಂದ ಒಂದು ತಲೆ ಹೆಚ್ಚು ಕಡಿಮೆಯಾದರೂ ಅರ್ಜಿಯ ಗತಿಯೇ ಬದಲಾಗಬಹುದು. ಸಾಲವನ್ನು ಕಂತಿನಲ್ಲಿ ತೀರಿಸುವ ಚಾಪ್ಟರ್ 13ರಲ್ಲೂ ಇದೇ ಕತೆ: ಮಿತಿಯ ಕೆಳಗಿದ್ದವರಿಗೆ ಸಾಮಾನ್ಯವಾಗಿ ಮೂರು ವರ್ಷದ ಕಂತು, ಮೇಲಿದ್ದವರಿಗೆ ಐದು.

ತಮಾಷೆಯೆಂದರೆ, ಇಷ್ಟೆಲ್ಲ ನಿಂತಿರುವುದು ‘ಹೌಸ್‌ಹೋಲ್ಡ್’ ಎಂಬ ಮಾತಿನ ಮೇಲೆ, ಅದರೊಳಗೆ ಯಾರು ಬರುತ್ತಾರೆ ಎಂದು ಮಾತ್ರ ದಿವಾಳಿ ಕಾಯ್ದೆ ಎಲ್ಲೂ ಹೇಳಿಲ್ಲ. ಹಾಗಾಗಿ ನ್ಯಾಯಾಲಯಗಳು ಮೂರು ದಾರಿ ಹಿಡಿದಿವೆ. ಕೆಲವು ಜನಗಣತಿಯವರಂತೆ ಒಂದೇ ಸೂರಿನಡಿ ಮಲಗುವವರನ್ನೆಲ್ಲ ಎಣಿಸುತ್ತವೆ. ಕೆಲವು ಟ್ಯಾಕ್ಸ್ ರಿಟರ್ನ್‌ನಲ್ಲಿ ಅವಲಂಬಿತರೆಂದು ತೋರಿಸಬಹುದಾದವರನ್ನು ಮಾತ್ರ ಒಪ್ಪುತ್ತವೆ. ಮೂರನೆಯದು ಯಾರ ದುಡ್ಡು ಯಾರ ಹೊಟ್ಟೆಗೆ ಹೋಗುತ್ತಿದೆ, ಯಾರ ಖರ್ಚು ಯಾರ ಖರ್ಚಿನೊಳಗೆ ಸೇರಿದೆ ಎಂದು ನೋಡುವ ‘ಎಕನಾಮಿಕ್ ಯೂನಿಟ್’ ದಾರಿ.

ನನಗೆ ಮೂರನೆಯದೇ ಸರಿಯೆನಿಸುತ್ತದೆ. ಕೈತುಂಬ ಸಂಬಳ ತರುತ್ತ, ತನ್ನ ಖರ್ಚು ತಾನೇ ನೋಡಿಕೊಂಡು ಮಹಡಿ ಕೋಣೆಯಲ್ಲಿರುವ ಇಪ್ಪತ್ತೈದರ ಮಗ ಮೊದಲ ದಾರಿಯಲ್ಲಿ ಲೆಕ್ಕಕ್ಕೆ ಬರುತ್ತಾನೆ. ಬೇರೆ ಊರಿನ ಹಾಸ್ಟೆಲ್‌ನಲ್ಲಿದ್ದು ಫೀಸು, ಫೋನು ಎಲ್ಲಕ್ಕೂ ನಿಮ್ಮನ್ನೇ ನೆಚ್ಚಿಕೊಂಡ ಮಗಳು ಬರದೆ ಹೋಗಬಹುದು. ಇದಕ್ಕೆ ಅರ್ಥವಿಲ್ಲ.

ನಾರ್ತ್ ಕೆರೊಲೈನಾ, ಸೌತ್ ಕೆರೊಲೈನಾ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾ, ಮೇರಿಲ್ಯಾಂಡ್ ಸೇರಿದ ನಾಲ್ಕನೇ ಸರ್ಕ್ಯೂಟ್ (ವಲಯ) ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಜಾನ್ಸನ್ ವಿರುದ್ಧ ಝಿಮ್ಮರ್ ಪ್ರಕರಣದಲ್ಲಿ ಈ ಮೂರನೆಯ ದಾರಿಯನ್ನೇ ಒಪ್ಪಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಆ ಚಾಪ್ಟರ್ 13 ಪ್ರಕರಣದಲ್ಲಿ ಅರ್ಜಿ ಹಾಕಿದ ಹೆಂಡತಿಯ ಇಬ್ಬರು ಮಕ್ಕಳು ವರ್ಷದಲ್ಲಿ 204 ದಿನ, ಗಂಡನ ಹಿಂದಿನ ಮದುವೆಯ ಮೂವರು 180 ದಿನ ಆ ಮನೆಯಲ್ಲಿರುತ್ತಿದ್ದರು. ಹೆಂಡತಿ ಏಳು ಜನ ಎಂದು ಬರೆದರು. ಕೆಳಗಿನ ನ್ಯಾಯಾಲಯ ಮೊದಲಿನ ಇಬ್ಬರನ್ನು ತಲಾ 0.56, ಉಳಿದ ಮೂವರನ್ನು ತಲಾ 0.49 ಎಂದು ಹಿಡಿದು, ಒಟ್ಟು 2.59 ಬಂದಾಗ ಅದನ್ನು 3 ಮಾಡಿ, ದಂಪತಿಯನ್ನು ಸೇರಿಸಿ ಐದು ಎಂದಿತು. ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು, ಒಬ್ಬ ನ್ಯಾಯಾಧೀಶರ ಭಿನ್ನಮತದೊಂದಿಗೆ. ನಾನು ಆ ಭಿನ್ನಮತದ ಕಡೆ. ಮಗು ಹದಿನೈದು ದಿನ ಇಲ್ಲದಿದ್ದರೆ ಊಟದ ಖರ್ಚು ಇಳಿಯಬಹುದು, ಅದರ ಕೋಣೆಗೆ ಅರ್ಧ ಬಾಡಿಗೆ ಬಿಟ್ಟುಕೊಡುವ ಮಾಲೀಕರನ್ನು ಎಲ್ಲಿ ಹುಡುಕುವುದು?

ಅದಿರಲಿ. ನಿಮ್ಮ ಲೆಕ್ಕಕ್ಕೆ ಬಂದರೆ ಎರಡು ಅರ್ಧ ಸೇರಿ ಒಂದು, ನೀವೊಬ್ಬರು, ಒಟ್ಟು ಎರಡು. ಅವರಮ್ಮ ಟ್ಯಾಕ್ಸ್‌ನಲ್ಲಿ ತೋರಿಸಿದರೆಂಬ ಒಂದೇ ಕಾರಣಕ್ಕೆ ಈ ಸರ್ಕ್ಯೂಟ್‌ನಲ್ಲಿ ನಿಮ್ಮ ಮಕ್ಕಳು ಲೆಕ್ಕದಿಂದ ಬಿದ್ದುಹೋಗುವುದಿಲ್ಲ. ಮೂರು ಎಂದು ವಾದಿಸಬೇಕೆಂದಿದ್ದರೆ ಕಸ್ಟಡಿ ಆದೇಶ, ಶಾಲೆ ಮತ್ತು ಆಸ್ಪತ್ರೆಯ ಬಿಲ್ಲು, ಇನ್ಶೂರೆನ್ಸ್ ಕಾಗದಗಳನ್ನು ವಕೀಲರಿಗೆ ಮೊದಲೇ ಕೊಡಿ. ಅರ್ಜಿಯನ್ನು ಪರಿಶೀಲಿಸಲು ನೇಮಕವಾಗುವ ಟ್ರಸ್ಟಿ ಕೇಳಿಯೇ ಕೇಳುತ್ತಾರೆ. ಫಾರ್ಮ್‌ಗೆ ಸಹಿ ಹಾಕುವುದು ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುತ್ತೇನೆಂಬ ಘೋಷಣೆಯ ಕೆಳಗೆ, ಹಾಗಾಗಿ ಅಂದಾಜಿನ ಸಂಖ್ಯೆ ಬೇಡ. ಮನೆಖರ್ಚಿಗೆಂದು ನಿಯಮಿತವಾಗಿ ಚೈಲ್ಡ್ ಸಪೋರ್ಟ್ (ಮಕ್ಕಳ ಪೋಷಣೆಯ ಹಣ) ನಿಮಗೆ ಬರುತ್ತಿದ್ದರೆ ಅದನ್ನೂ ಆದಾಯದಲ್ಲಿ ತೋರಿಸಬೇಕು. ನೀವೇ ಕೊಡುತ್ತಿದ್ದರೆ, ಆ ಬಾಕಿ ದಿವಾಳಿಯಿಂದ ಮನ್ನಾ ಆಗುವುದಿಲ್ಲ.

ಎರಡನೆಯ ಫಾರ್ಮ್‌ವರೆಗೆ ಹೋದರೆ ಇನ್ನೊಂದು ಎಣಿಕೆ ಎದುರಾಗುತ್ತದೆ. ಅಲ್ಲಿ ಕೇಳುವುದು ಟ್ಯಾಕ್ಸ್ ಪ್ರಕಾರ ತೋರಿಸಬಹುದಾದವರು ಮತ್ತು ನೀವು ಸಾಕುತ್ತಿರುವ ಬೇರೆ ಅವಲಂಬಿತರು. ಇದು ಮೊದಲಿನ ಸಂಖ್ಯೆಗಿಂತ ಬೇರೆಯಾಗಬಹುದು ಎಂದು ಆ ಫಾರ್ಮೇ ಹೇಳುತ್ತದೆ.

ನಮ್ಮವರು ಅನೇಕರು ಕೇಳುವ ಇನ್ನೊಂದು ಮಾತು: ಊರಿನಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಹಣ ಕಳಿಸುತ್ತೇನೆ, ಅವರನ್ನೂ ಸೇರಿಸಲೇ? ಮೈಸೂರಿನ ಮನೆಯಲ್ಲಿರುವವರನ್ನು ಇಲ್ಲಿನ ಹೌಸ್‌ಹೋಲ್ಡ್ ಎಂದು ಒಪ್ಪಿಸುವುದು ಕಷ್ಟ. ಆದರೆ ವಯಸ್ಸಾದ, ದೀರ್ಘ ಕಾಯಿಲೆಯ ಅಥವಾ ಅಂಗವೈಕಲ್ಯವಿರುವ, ತಮ್ಮ ಖರ್ಚು ತಾವೇ ಭರಿಸಲಾಗದ ಹತ್ತಿರದ ಬಂಧುಗಳ ಆರೈಕೆಗೆ ನೀವು ಮಾಡುತ್ತ ಬಂದಿರುವ ನ್ಯಾಯವಾದ ಖರ್ಚನ್ನು ಎರಡನೆಯ ಫಾರ್ಮ್‌ನಲ್ಲಿ ಕಳೆಯಲು ಕಾಯ್ದೆಯಲ್ಲಿ ಅವಕಾಶವಿದೆ. ತಂದೆತಾಯಿ ಆ ಪಟ್ಟಿಯಲ್ಲಿದ್ದಾರೆ. ಹಣ ಕಳಿಸಿದ ರಸೀದಿಗಳನ್ನು ಎಸೆಯಬೇಡಿ.