ಗ್ರಾಹಕರ ಮಾಹಿತಿ ಎಲ್ಲೆಲ್ಲಿ ಕೂತಿದೆ? ಸ್ವಿಸ್ ಕಾನೂನಿಗೆ ಸಿದ್ಧತೆ

ಸ್ವಿಟ್ಜರ್‌ಲೆಂಡಿನ ಪರಿಷ್ಕೃತ ದತ್ತಾಂಶ ಸಂರಕ್ಷಣಾ ಕಾನೂನು 2023ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಹಳೆಯ ಕಾನೂನು 1992ರದು, ಅಂದರೆ ಅಂತರ್ಜಾಲ ಮನೆಮನೆಗೆ ಬರುವ ಮುಂಚಿನದು. ಈಗ ಕೆಲವು ಕರ್ತವ್ಯಗಳನ್ನು ಬೇಕೆಂದೇ ಮುರಿದರೆ 2,50,000 ಫ್ರಾಂಕ್‌ವರೆಗೆ ದಂಡ. ಅದನ್ನು ತೆರಬೇಕಾದವರು ಮುಖ್ಯವಾಗಿ ಹೊಣೆ ಹೊತ್ತ ವ್ಯಕ್ತಿಯೇ ಹೊರತು ಕಂಪನಿಯಲ್ಲ.

ಹಲವರು ವೆಬ್‌ಸೈಟಿನ ಗೌಪ್ಯತಾ ಪ್ರಕಟಣೆಯಿಂದ ಕೆಲಸ ಶುರುಮಾಡುತ್ತಾರೆ. ಅದು ತಲೆಕೆಳಗಾದ ಕ್ರಮ. ಮಾಹಿತಿ ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ಪ್ರಕಟಣೆಯಲ್ಲಿ ಬರೆಯುವುದಾದರೂ ಏನು?

ಒಬ್ಬ ಗ್ರಾಹಕರ ಇಮೇಲ್ ವಿಳಾಸವನ್ನೇ ಹಿಂಬಾಲಿಸಿ ನೋಡಿ. ಆರ್ಡರ್ ಡೇಟಾಬೇಸ್, ಬಿಲ್ಲಿನ ಪಿಡಿಎಫ್, ಸುದ್ದಿಪತ್ರ ಕಳಿಸುವ ಹೊರಗಿನ ಸೇವೆ, ಸಹಾಯವಾಣಿಯ ಟಿಕೆಟ್ (ದೂರಿನ ನಮೂದು), ಸರ್ವರ್ ಲಾಗ್ (ಸರ್ವರ್ ತಾನಾಗಿಯೇ ಬರೆದಿಡುವ ಚಟುವಟಿಕೆಯ ದಾಖಲೆ), ಪರೀಕ್ಷೆಗೆಂದು ನಕಲು ಮಾಡಿಕೊಂಡ ಡೇಟಾಬೇಸ್, ಮಾರಾಟ ವಿಭಾಗದ ಯಾರದೋ ಲ್ಯಾಪ್‌ಟಾಪಿನ ಎಕ್ಸೆಲ್ ಕಡತ. ಪಟ್ಟಿಯಿಂದ ತಪ್ಪಿಹೋಗುವುದು ಹೆಚ್ಚಾಗಿ ಕೊನೆಯ ಎರಡು. ಪ್ರತಿಯೊಂದರ ಎದುರು ಉದ್ದೇಶ, ಯಾರಿಗೆ ಹೋಗುತ್ತದೆ, ಯಾವ ದೇಶಕ್ಕೆ, ಎಷ್ಟು ಕಾಲ, ಏನು ಭದ್ರತೆ ಎಂದು ಬರೆಯಬೇಕು. 250ಕ್ಕಿಂತ ಕಡಿಮೆ ಸಿಬ್ಬಂದಿಯ ಕಂಪನಿಗೆ, ಸೂಕ್ಷ್ಮ ಮಾಹಿತಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸುವಂಥ ಅಪಾಯದ ಕೆಲಸವಿಲ್ಲದಿದ್ದರೆ, ಈ ದಾಖಲೆ ಕಡ್ಡಾಯವಲ್ಲ. ಆದರೂ ಇಟ್ಟುಕೊಳ್ಳುವುದೇ ಲೇಸು: ‘ನನ್ನ ಬಗ್ಗೆ ನಿಮ್ಮಲ್ಲೇನಿದೆ’ ಎಂದು ಯಾರಾದರೂ ಕೇಳಿದರೆ ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರಿಸಬೇಕು.

ದೇಶದ ಕಾಲಂನಲ್ಲಿ ಎಡವುವವರು ಬಹಳ. ಸರ್ವರ್ ಜ್ಯೂರಿಕ್‌ನಲ್ಲೇ ಇದ್ದರೂ, ಭಾರತದಲ್ಲಿ ಕೂತ ಎಂಜಿನಿಯರ್ ದೂರದಿಂದಲೇ ಆ ವಿವರ ತೆರೆದು ನೋಡಿದರೆ ಮಾಹಿತಿ ಹೊರದೇಶಕ್ಕೆ ಹೋದಂತೆಯೇ. ಆ ದೇಶದ ಹೆಸರನ್ನು ಗ್ರಾಹಕರಿಗೆ ತಿಳಿಸಬೇಕು.

ಇನ್ನು ಅಳಿಸುವಿಕೆ. ನಿಜವಾದ ಕಷ್ಟ ಇಲ್ಲಿದೆ. ಲೆಕ್ಕಪತ್ರಗಳನ್ನು ಸ್ವಿಸ್ ಕಾನೂನಿನ ಪ್ರಕಾರ 10 ವರ್ಷ ಇಡಲೇಬೇಕು, ಆದ್ದರಿಂದ ಬಿಲ್ಲು ಉಳಿಯುತ್ತದೆ, ಸುದ್ದಿಪತ್ರದ ನಮೂದು ಹೋಗುತ್ತದೆ. ಹೆಸರಿನ ಬದಲು ಇಮೇಲ್‌ನ ಹ್ಯಾಶ್ (ವಿಳಾಸದಿಂದ ಲೆಕ್ಕ ಹಾಕಿ ತೆಗೆದ ಅಕ್ಷರ-ಅಂಕಿಗಳ ಸಂಕೇತ) ಇಟ್ಟುಕೊಂಡು ‘ಅನಾಮಧೇಯ ಮಾಡಿದ್ದೇವೆ’ ಎನ್ನುವುದು ತಪ್ಪು. ಒಂದೇ ವಿಳಾಸಕ್ಕೆ ಸದಾ ಒಂದೇ ಹ್ಯಾಶ್ ಬರುವುದರಿಂದ, ಆ ವಿಳಾಸ ಗೊತ್ತಿದ್ದವರು ತಾವೇ ಲೆಕ್ಕ ಹಾಕಿ ತಾಳೆ ನೋಡಬಹುದು.

ಬ್ಯಾಕಪ್ ಇನ್ನೂ ತೊಡಕಿನದು. ಇಡೀ ಡೇಟಾಬೇಸನ್ನು ಒಂದೇ ಕಡತವಾಗಿ ಕುಗ್ಗಿಸಿಟ್ಟಿರುವಾಗ ಒಬ್ಬರ ಸಾಲನ್ನಷ್ಟೇ ಕಿತ್ತು ತೆಗೆಯುವುದು ಸುಲಭವಲ್ಲ. ಅದಕ್ಕೇ ಬ್ಯಾಕಪ್‌ಗೆ ಚಿಕ್ಕ ಅವಧಿ ಗೊತ್ತುಮಾಡಿ, ಅಳಿಸಿದ ಗ್ರಾಹಕರ ಕ್ರಮಸಂಖ್ಯೆಗಳನ್ನು ಬೇರೆಡೆ ಬರೆದಿಡಬೇಕು. ಸರ್ವರ್ ಕೆಟ್ಟು ಬ್ಯಾಕಪ್‌ನಿಂದ ಎಲ್ಲವನ್ನೂ ಮರಳಿ ತಂದಾಗ, ಗ್ರಾಹಕರಿಗೆ ಸೇವೆ ತೆರೆಯುವ ಮುನ್ನವೇ ಆ ಪಟ್ಟಿಯಲ್ಲಿರುವವರನ್ನು ಮತ್ತೆ ಅಳಿಸಬೇಕು. ಇಲ್ಲವಾದರೆ ಅಳಿಸಿಹೋದವರಿಗೆ ಮರುದಿನವೇ ಜಾಹೀರಾತು ಇಮೇಲ್ ಹೋಗುತ್ತದೆ.