ನೇತ್ರಾಣಿಯಲ್ಲಿ ಡೈವ್ ಮಾಡಿ ಅದೇ ದಿನ ಘಟ್ಟ ಹತ್ತಬಹುದಾ?

ಪ್ರಶ್ನೆ: ನಾವಿಬ್ಬರೂ ಗಂಡ ಹೆಂಡತಿ ಕಾರಿನಲ್ಲಿ ನಾಲ್ಕು ದಿನ ಕರಾವಳಿ ಸುತ್ತಲು ಹೊರಟಿದ್ದೇವೆ. ಕೊನೆಯ ದಿನ, ಭಾನುವಾರ ಬೆಳಿಗ್ಗೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರೊಳಗಿಳಿಯುವ ಡೈವ್) ಮಾಡಿ, ಊಟ ಮುಗಿಸಿ ಬೆಂಗಳೂರಿಗೆ ಹೊರಡುವ ಯೋಚನೆ. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅಂತಾರೆ. ಕಾರಿಗೂ ಆ ನಿಯಮ ಇದೆಯಾ?

ಉತ್ತರ: ಇದೆ. ಕಾರು, ಬಸ್ಸು, ರೈಲು, ಯಾವುದಾದರೂ ಅಷ್ಟೇ. ನಿಮ್ಮ ಮೈಗೆ ಬೇಕಾಗಿರುವುದು ಗಾಡಿಯ ಲೆಕ್ಕ ಅಲ್ಲ, ಎತ್ತರದ ಲೆಕ್ಕ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಆಗುಂಬೆ ಬಿಟ್ಟು ಶಿರಾಡಿಯಲ್ಲಿ ಬಂದರೂ ಊರೇನೂ ಕೆಳಗಿಳಿಯುವುದಿಲ್ಲ, ಅಲ್ವಾ?

ಕಾರಣ ಅರ್ಥವಾಗಬೇಕಾದರೆ ಒಂದು ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಾಯಿಗೆ ಕೂತಿರುವ ತನಕ ಒಳಗಿನ ನೀರು ತೆಪ್ಪಗಿರುತ್ತದೆ. ಹೆಬ್ಬೆರಳಲ್ಲಿ ಗೋಲಿ ಒತ್ತಿದ್ದೇ ತಡ, ಬುಸ್ ಅಂತ ಗುಳ್ಳೆ ಉಕ್ಕುತ್ತದೆ. ಗ್ಯಾಸ್ ಮೊದಲೂ ಅಲ್ಲೇ ಇತ್ತು. ಒತ್ತಡ ಇದ್ದದ್ದರಿಂದ ನೀರಿನಲ್ಲಿ ಕರಗಿಕೊಂಡಿತ್ತು, ಅಷ್ಟೇ.

ಡೈವ್ ಮಾಡುವಾಗ ನಿಮ್ಮ ರಕ್ತವೂ ಹಾಗೇ ಆಗುತ್ತದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾತಾವರಣದಷ್ಟು, ಅಂದರೆ ಸಮುದ್ರ ತೀರದಲ್ಲಿ ಗಾಳಿ ನಮ್ಮ ಮೇಲೆ ಹೇರುವಷ್ಟೇ, ಒತ್ತಡ ಸೇರುತ್ತದೆ. ಸಿಲಿಂಡರಿನಲ್ಲಿ ಇರುವುದು ಶುದ್ಧ ಆಮ್ಲಜನಕ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಅದು ನಾವು ದಿನಾ ಉಸಿರಾಡುವ ಗಾಳಿಯೇ. ಅದರಲ್ಲಿ ನೂರಕ್ಕೆ ಸುಮಾರು 78 ಪಾಲು ಸಾರಜನಕ. ಒತ್ತಡ ಹೆಚ್ಚಿದಷ್ಟೂ ಅದು ರಕ್ತದಲ್ಲಿ, ಕೊಬ್ಬಿನಲ್ಲಿ ಜಾಸ್ತಿ ಕರಗುತ್ತದೆ. ಮೇಲೆ ಬಂದ ಮೇಲೆ ಉಸಿರಿನ ಮೂಲಕ ಮೆಲ್ಲಗೆ ಹೊರಹೋಗುತ್ತದೆ, ಗಂಟೆಗಟ್ಟಲೆ. ಅಷ್ಟರಲ್ಲೇ ಘಟ್ಟ ಹತ್ತಿದರೆ ಹೊರಗಿನ ಒತ್ತಡ ಇನ್ನೂ ಇಳಿಯುತ್ತದೆ. ಬೆಂಗಳೂರಿನಲ್ಲಿ ಅದು ಸಮುದ್ರ ತೀರಕ್ಕಿಂತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಕಮ್ಮಿ. ಗೋಲಿಯನ್ನು ಅರ್ಧ ಒತ್ತಿದ ಹಾಗೆ, ಕರಗಿದ್ದ ಸಾರಜನಕ ಗುಳ್ಳೆಯಾಗಿ ಏಳಬಹುದು.

ಗುಳ್ಳೆ ಎದ್ದರೆ ಏನಾಗುತ್ತದೆ ಅಂತ ಚೆನ್ನಾಗಿ ತೋರಿಸಿಕೊಟ್ಟಿದ್ದು ಆಡುಗಳು. ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜೊತೆಗಾರರು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಹೊರತೆಗೆದು ನೋಡಿದರು. ಕೆಲವು ಮುಂಗಾಲು ಮಡಚಿ ಎತ್ತಿಕೊಂಡು ನಿಂತವು. ಕೀಲುನೋವು. 1908ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಮೇಲೆಯೇ ಯಾವ ಆಳದಿಂದ ಹೇಗೆ ಮೇಲೆ ಬರಬೇಕು ಅನ್ನುವ ಮುಂದಿನ ಡೈವಿಂಗ್ ಕೋಷ್ಟಕಗಳು ಬೆಳೆದವು. (ನೇತ್ರಾಣಿ ದ್ವೀಪದ ಮೇಲೂ ಆಡುಗಳಿವೆ. ಆದರೆ ಅವು ಹರಕೆಗೆ ಬಿಟ್ಟವು, ಪಾಪ, ಅವುಗಳ ಕಷ್ಟವೇ ಬೇರೆ.)

ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಡೈವರ್‌ಗಳ ಸುರಕ್ಷತೆಗೆ ಕೆಲಸ ಮಾಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ: ಮಾಮೂಲಿ ಡೈವ್ ಒಂದೇ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಅಥವಾ ಸಾಲಾಗಿ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ. ಇದು ವಿಮಾನಕ್ಕೆಂದು ಬರೆದದ್ದು ನಿಜ. ಆದರೆ ಸುಮಾರು 600 ಮೀಟರಿನಿಂದ 2,400 ಮೀಟರ್ ಎತ್ತರದವರೆಗಿನ ಒತ್ತಡಕ್ಕೆ ಅನ್ವಯಿಸುತ್ತದೆ. ಆಗುಂಬೆ, ಸಕಲೇಶಪುರ, ಮಡಿಕೇರಿ ಎಲ್ಲವೂ ಅದರೊಳಗೇ ಬಂದವು.

ಈಗ ನಿಮ್ಮ ಭಾನುವಾರ ನೋಡೋಣ. ಬೆಳಿಗ್ಗೆ ದೋಣಿ ಹೊರಟು, 11ಕ್ಕೆ ನೀರಿನಿಂದ ಎದ್ದಿರಿ ಅಂದುಕೊಳ್ಳಿ. ಎರಡಕ್ಕೆ ಹೊರಟು ಮಂಗಳೂರು ದಾರಿ ಹಿಡಿದರೆ ಸಂಜೆ ಏಳರ ಹೊತ್ತಿಗೆ ಶಿರಾಡಿಯ ಬುಡದಲ್ಲಿರುತ್ತೀರಿ. ಎಂಟೇ ಗಂಟೆ ಆಯಿತು. ಸಾಲದು. ಈಜು ಬಾರದವರೂ ಮಾಡುವ ಮೊದಲ ಸಲದ ಡೈವ್ ಆಗಿದ್ದರೆ 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ, ನೀರೊಳಗಿರುವುದು ಅರ್ಧ ಗಂಟೆ. ಅಪಾಯ ನಿಜಕ್ಕೂ ಸಣ್ಣದು, ಸುಮ್ನೆ ಹೆದರಿಸುವುದಿಲ್ಲ. ಆದರೂ ಒಂದು ರಾತ್ರಿ ನಿದ್ದೆಯಲ್ಲಿ ಮುಗಿಯುವ ಕೆಲಸಕ್ಕೆ ಯಾಕೆ ಪಣ ಕಟ್ಟಬೇಕು? ಕೋರ್ಸ್ ಮಾಡಿ ಎರಡು ಡೈವ್ ಮಾಡುವವರಾದರೆ ಚೌಕಾಸಿಯೇ ಬೇಡ, ಸೋಮವಾರ ರಜೆ ಹಾಕಿ.

ನಾವೂ ಹಿಂದೊಮ್ಮೆ ಇದೇ ತಪ್ಪು ಲೆಕ್ಕ ಹಾಕಿದ್ದೆವು. ದೋಣಿಯಲ್ಲಿ ಟವೆಲ್ ಸುತ್ತಿಕೊಂಡು ನಡುಗುತ್ತಾ ಕೂತಿದ್ದಾಗ ಜೊತೆಗಿದ್ದ ಡೈವರ್ "ಇವತ್ತು ಎಲ್ಲಿ ಉಳೀತೀರಿ?" ಅಂತ ಕೇಳಿದರು. "ಚಿಕ್ಕಮಗಳೂರು" ಅಂದೆವು. ಅವರು ಮಾತಾಡಲಿಲ್ಲ, ಕೈಯನ್ನು ಘಟ್ಟದ ಹಾಗೆ ಏರಿಸಿ ತಲೆ ಅಲ್ಲಾಡಿಸಿದರು. "ಡೈವ್ ಮಾಡಿದ್ದು ನಾನೊಬ್ಬಳೇ ತಾನೆ, ಇವರೇ ಓಡಿಸ್ತಾರೆ" ಅಂತ ಹೆಂಡತಿ ವಾದಿಸಿದಳು. ಡ್ರೈವರ್ ಬದಲಾದರೆ ಪಕ್ಕದ ಸೀಟಿನ ಗಾಳಿ ಬದಲಾಗುತ್ತದಾ? ಆ ರಾತ್ರಿ ಕುಂದಾಪುರದಲ್ಲೇ ಉಳಿದೆವು.

ಪರಿಹಾರ ಸುಲಭ: ಪ್ರವಾಸವನ್ನು ತಿರುಗಿಸಿ. ಮೊದಲ ದಿನ ಮುರ್ಡೇಶ್ವರ ತಲುಪಿ, ಎರಡನೇ ದಿನವೇ ನೇತ್ರಾಣಿ. ಉಳಿದ ದಿನ ರಾಷ್ಟ್ರೀಯ ಹೆದ್ದಾರಿ 66 ನಿಮ್ಮದು. ಸಮುದ್ರದ ಪಕ್ಕದಲ್ಲೇ ಹೋಗುವ ದಾರಿ, ಎತ್ತರದ ತಂಟೆ ಇಲ್ಲ. ಉತ್ತರಕ್ಕೆ ಹೋದರೆ ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಜಾಗ, ಮಿರ್ಜಾನ್ ಕೋಟೆ, ಗೋಕರ್ಣ. ದಕ್ಷಿಣಕ್ಕಾದರೆ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು ಇರುವ ಮರವಂತೆ, ಮುಂದೆ ಮಲ್ಪೆ. ನನ್ನ ಓಟು ಮರವಂತೆಗೆ. ಮಳೆಗಾಲದಲ್ಲಿ ಮಾತ್ರ ಡೈವಿಂಗ್ ಬಂದ್, ಅಕ್ಟೋಬರ್ ನಂತರ ಹೋಗಿ.

ಡೈವ್ ದಿನ ನೀರು ಚೆನ್ನಾಗಿ ಕುಡಿಯಿರಿ, ಬಿಯರ್ ಮರುದಿನಕ್ಕಿರಲಿ. ಕೀಲುನೋವು, ಕೈಕಾಲು ಜೋಮು, ಚರ್ಮದ ಮೇಲೆ ಮಚ್ಚೆ, ವಿಚಿತ್ರ ಸುಸ್ತು ಕಂಡರೆ "500 ಕಿ.ಮೀ. ಓಡಿಸಿದ್ದಕ್ಕೆ ಇರಬೇಕು" ಅಂತ ತಳ್ಳಿಹಾಕಬೇಡಿ. ಮತ್ತೆ ನೀರಿಗಿಳಿದರೆ ಸರಿಹೋಗುತ್ತದೆ ಅನ್ನುವ ಮಾತನ್ನೂ ನಂಬಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಆಮ್ಲಜನಕ ಕೊಡಲು ಕೇಳಿ. ಡೈವ್ ಮಾಡಿದ್ದು ಎಷ್ಟು ಗಂಟೆಗೆ, ಎಷ್ಟು ಆಳಕ್ಕೆ ಅನ್ನುವುದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ. ಘಟ್ಟದ ಮೇಲಿನ ಊರಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ.