23 ಅಂದ್ರೂ ಬಿಲ್ಲಲ್ಲಿ 30

ನ್ಯೂಜೆರ್ಸಿಯಲ್ಲಿ ಟ್ಯಾಕ್ಸ್ ರಿಟರ್ನ್ ಫೈಲ್ ಮಾಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ನಮ್ಮ ಕನ್ನಡದವರೇ ಜಾಸ್ತಿ. ಫೆಬ್ರವರಿ ಬಂತೆಂದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಇನ್‌ಕಮ್ ಟ್ಯಾಕ್ಸ್ ತೆಗೆದು ಬರೀ 23 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್ ಹಾಕ್ತಾರಂತಲ್ಲ, ನಮಗೆ ಲಾಭ ಅಲ್ವಾ?"

ಅವರು ಕೇಳುತ್ತಿರುವುದು ಫೇರ್‌ಟ್ಯಾಕ್ಸ್ ಮಸೂದೆ ಬಗ್ಗೆ. 1999ರಿಂದ ಅಮೆರಿಕದ ಕಾಂಗ್ರೆಸ್ಸಿಗೆ ಮತ್ತೆ ಮತ್ತೆ ಬರುತ್ತಿದೆ, ಒಮ್ಮೆಯೂ ಪಾಸಾಗಿಲ್ಲ. ಲಾಭ ನಷ್ಟ ಆಮೇಲೆ. ಮೊದಲು ಆ 23 ಏನು ಅಂತ ದಯವಿಟ್ಟು ತಿಳಿದುಕೊಳ್ಳಿ.

100 ಡಾಲರಿನ ಕುಕ್ಕರ್ ತೆಗೆದುಕೊಂಡಿರಿ ಅಂತಿಟ್ಟುಕೊಳ್ಳಿ. 123 ಕೊಡಬೇಕು ಅಂತ ನಿಮ್ಮ ಲೆಕ್ಕ. ಅಲ್ಲ, ಕೊಡಬೇಕಾದ್ದು ಸುಮಾರು 130. ತೆರಿಗೆ 30. ಆ 30 ಒಟ್ಟು 130ರಲ್ಲಿ 23 ಪರ್ಸೆಂಟ್ ಆಗುತ್ತದೆ, ಮಸೂದೆ ಹೇಳುವ 23 ಇದೇ. ಉಲ್ಟಾ ನೋಡಿ: ನೀವು ಕೊಟ್ಟ 100ರಲ್ಲಿ ಸರ್ಕಾರಕ್ಕೆ 23, ಅಂಗಡಿಯವರಿಗೆ 77. 77ರ ಮೇಲೆ 23 ಅಂದರೆ ಎಷ್ಟಾಯಿತು? ಹತ್ತಿರ ಹತ್ತಿರ 30 ಪರ್ಸೆಂಟ್.

ಇದು ಮೋಸ ಅಂತ ನಾನು ಹೇಳುವುದಿಲ್ಲ. ಇನ್‌ಕಮ್ ಟ್ಯಾಕ್ಸನ್ನೂ ತೆರಿಗೆ ಕಳೆಯುವ ಮೊದಲಿನ ಆದಾಯದ ಮೇಲೇ ಲೆಕ್ಕ ಹಾಕುತ್ತಾರೆ, ಅದರ ಜೊತೆ ಹೋಲಿಸುವಾಗ 23 ಸರಿ. ಆದರೆ ಊರಿನ 18 ಪರ್ಸೆಂಟ್ ಜಿಎಸ್‌ಟಿ ಜೊತೆ ಹೋಲಿಸುವಾಗ 30 ಅನ್ನೇ ಹಿಡಿಯಬೇಕು, ಯಾಕೆಂದರೆ ಜಿಎಸ್‌ಟಿಯನ್ನು ಬೆಲೆಯ ಮೇಲೆ ಹಾಕುತ್ತಾರೆ, 100ರ ವಸ್ತು 118 ಆಗುತ್ತದೆ.

ಒಬ್ಬ ಹುಡುಗ, ಸಾಫ್ಟ್‌ವೇರಿನವನು, ಇಡೀ ಸಂಸಾರದ ಖರ್ಚನ್ನು ಎಕ್ಸೆಲ್‌ನಲ್ಲಿ ಹಾಕಿಕೊಂಡು ಬಂದಿದ್ದ. ಎಲ್ಲದಕ್ಕೂ 23 ಕೂಡಿಸಿದ್ದ. ದಿನಸಿಗೆ ಮಾತ್ರ ಸೊನ್ನೆ, ಇಲ್ಲಿ ಅಕ್ಕಿ ಬೇಳೆಗೆ ಸ್ಟೇಟ್ ಟ್ಯಾಕ್ಸ್ ಇಲ್ಲವಲ್ಲ, ಇದೂ ಹಾಗೇ ಅಂದುಕೊಂಡಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ಮನೆ ಬಾಡಿಗೆಗೂ ಬೀಳುತ್ತಾ ಸರ್?" ಅಂದಳು. ಕೇಳಬೇಕಾದ ಪ್ರಶ್ನೆ ಅದೇ! ಬೀಳುತ್ತದಮ್ಮ. ಬಾಡಿಗೆ, ಡಾಕ್ಟರ್ ಫೀಸು, ದಿನಸಿ, ಹೊಸ ಮನೆ, ಎಲ್ಲಕ್ಕೂ. ಹಳೇ ಮನೆ, ಹಳೇ ಕಾರಿಗೆ ಇಲ್ಲ. ನ್ಯೂಜೆರ್ಸಿಯ 6.625 ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್ ಬೀಳುವ ವಸ್ತುಗಳಿಗೆ ಅದೂ ಬೇರೆ. ಹಾಗಂತ ಎಲ್ಲ ನಷ್ಟವೇ ಅಲ್ಲ. ಅವನ ಸಂಬಳದಲ್ಲಿ ಸೋಷಿಯಲ್ ಸೆಕ್ಯೂರಿಟಿ, ಮೆಡಿಕೇರ್‌ಗೆ (ಸರ್ಕಾರದ ಪಿಂಚಣಿ, ವಯಸ್ಸಾದವರ ಆರೋಗ್ಯ ವಿಮೆ) ಹಿಡಿಯುವ 7.65 ಪರ್ಸೆಂಟ್ ಕೂಡ ಈ ಮಸೂದೆ ಪ್ರಕಾರ ಹೋಗುತ್ತದೆ. ಬಡತನದ ರೇಖೆಯವರೆಗಿನ ಖರ್ಚಿನ ತೆರಿಗೆಯನ್ನು ತಿಂಗಳು ತಿಂಗಳು ವಾಪಸ್ ಕೊಡುತ್ತಾರೆ. ಇವೆರಡನ್ನೂ ಅವನು ಬಿಟ್ಟಿದ್ದ. ಎಲ್ಲ ಸೇರಿಸಿ ಮತ್ತೆ ಕೂಡಿಸಿದೆವು. ಉಳಿಸುವವನಾದ್ದರಿಂದ ಅವನಿಗೆ ಅನುಕೂಲವೇ ಇರಬಹುದು, ಖಚಿತವಾಗಿ ಹೇಳಲಾರೆ. ತೆರಿಗೆ ಹೋದಮೇಲೆ ಬೆಲೆ, ಸಂಬಳ ಎಲ್ಲಿಗೆ ಬಂದು ನಿಲ್ಲುತ್ತವೆ ಅನ್ನುವುದರ ಮೇಲೆ ಇಡೀ ಲೆಕ್ಕ ನಿಂತಿದೆ.

ನನಗೆ ಸಂಕಟ ಆಗುವುದು ನಿವೃತ್ತರ ವಿಷಯದಲ್ಲಿ. ದುಡಿಯುವಾಗ ಇನ್‌ಕಮ್ ಟ್ಯಾಕ್ಸ್ ಕಟ್ಟಿ, ಉಳಿದದ್ದನ್ನು ರಾತ್ ಐಆರ್‌ಎ ಅನ್ನುವ ನಿವೃತ್ತಿ ಉಳಿತಾಯದ ಖಾತೆಗೆ ಹಾಕಿಟ್ಟವರು, ಈಗ ತೆಗೆದು ಖರ್ಚು ಮಾಡುವಾಗ ಮತ್ತೆ 30 ಕೊಡಬೇಕಾಗುತ್ತದೆ. ಇದು ಅನ್ಯಾಯ. ಬೆಂಗಳೂರಿಗೆ ವಾಪಸ್ ಹೋಗಿ ಅಲ್ಲೇ ಖರ್ಚು ಮಾಡುವವರ ಕಥೆ ಬೇರೆ, ಅವರು ಅಲ್ಲಿನ ತೆರಿಗೆ ನೋಡಿಕೊಳ್ಳಬೇಕು.

ಇಷ್ಟು ಹೇಳಿದ ಮೇಲೂ ಕೆಲವರು "ಹೇಗೂ ಇನ್‌ಕಮ್ ಟ್ಯಾಕ್ಸ್ ಹೋಗುತ್ತಲ್ಲ" ಅಂತ ಇನ್‌ಕಮ್ ಟ್ಯಾಕ್ಸ್ ಉಳಿಸಲೆಂದು ಕಂಪನಿ ಮೂಲಕ ಹಾಕುತ್ತಿದ್ದ 401ಕೆ ನಿವೃತ್ತಿ ಖಾತೆಗೆ ದುಡ್ಡು ಹಾಕುವುದನ್ನು ನಿಲ್ಲಿಸುತ್ತಾರೆ. ಮಾಡಬೇಡಿ. ನೀವು ಹಾಕಿದ್ದಕ್ಕೆ ಕಂಪನಿ ತನ್ನ ಕಡೆಯಿಂದ ಸೇರಿಸುವ ದುಡ್ಡನ್ನು (ಮ್ಯಾಚ್) ಸುಮ್ನೆ ಕಳೆದುಕೊಳ್ಳುತ್ತೀರಿ. ಮಸೂದೆ ಇನ್ನೂ ಮಸೂದೆಯೇ. ರಿಟರ್ನ್ ಏಪ್ರಿಲ್ 15ರೊಳಗೆ ಹೋಗಬೇಕು, ಕಾಗದಪತ್ರ ಮಾರ್ಚ್‌ನಲ್ಲೇ ತಂದುಕೊಡಿ.